ಆರು ಕೊಕ್ಕೆಯ ಉಂಗುರ: ಐದು ವರ್ಷ ಜಗಳ, ಎರಡು ವರ್ಷ ರಾಜಿ

ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುತ್ತಿರುವುದು ವಜ್ರದ ಬಗ್ಗೆ ಅಲ್ಲ. ವಜ್ರ ಚೆನ್ನಾಗಿಯೇ ಇದೆ. ನನ್ನ ದೂರು ಇರುವುದು ಅದನ್ನು ಹಿಡಿದುಕೊಂಡಿದ್ದ ಆರು ಸಣ್ಣ ಕೊಕ್ಕೆಗಳ ಮೇಲೆ. ಅಂಗಡಿಯವರು ಅದಕ್ಕೆ ಪ್ರಾಂಗ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ಏಡಿ. ಗದ್ದೆ ಬದುವಿನ ಏಡಿ ಬೆರಳು ಹಿಡಿದರೆ ಬಿಡುತ್ತದಾ? ಇದೂ ಹಾಗೆಯೇ.

2018ರಲ್ಲಿ ನಿಶ್ಚಿತಾರ್ಥಕ್ಕೆ ಅಂತ ಶಿವಮೊಗ್ಗದಲ್ಲೇ ಕೊಂಡಿದ್ದು. 30 ಸೆಂಟಿನ, ಅಂದರೆ 0.30 ಕ್ಯಾರೆಟ್ ತೂಕದ ಒಂಟಿ ಕಲ್ಲು, 18 ಕ್ಯಾರೆಟ್ ಚಿನ್ನ, ಎಲ್ಲ ಸೇರಿ 58,000 ರೂಪಾಯಿ. ನನ್ನ ಭಾವಿ ಗಂಡನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆ ದಿನ ಕಲ್ಲಿನ ಬಣ್ಣ, ಶುದ್ಧತೆ, ಸರ್ಟಿಫಿಕೇಟು ಅಂತ ಮುಕ್ಕಾಲು ಗಂಟೆ ಮಾತಾಡಿದೆವು. 22 ಕ್ಯಾರೆಟ್ಟಲ್ಲಿ ಯಾಕಿಲ್ಲ ಅಂತ ಅಮ್ಮ ಹತ್ತು ನಿಮಿಷ ವಾದ ಮಾಡಿದರು. 22 ಮೆತ್ತಗಿರುತ್ತದೆ, ಕಲ್ಲು ಗಟ್ಟಿಯಾಗಿ ಹಿಡಿಯಲು 18 ಬೇಕು ಅಂತ ಅಂಗಡಿಯವರು ಹೇಳಿದ್ದು ಸರಿಯೇ. ಆದರೆ ಕಲ್ಲನ್ನು ಹೇಗೆ ಕೂರಿಸಿದ್ದಾರೆ ಅನ್ನುವುದಕ್ಕೆ ನಾವು ಕೊಟ್ಟಿದ್ದು ಎರಡೇ ನಿಮಿಷ. “ಎತ್ತರಕ್ಕೆ ಕೂರಿಸಿದರೆ ಕಲ್ಲು ದೊಡ್ಡದಾಗಿ ಕಾಣುತ್ತೆ ಮೇಡಂ” ಅಂದರು. ಕಾಣುತ್ತಿತ್ತು. ತಲೆಯ ಮೇಲೆ ಅಷ್ಟು ಬಲ್ಬು ಉರಿಯುತ್ತಿದ್ದರೆ ಕಲ್ಲುಸಕ್ಕರೆಯೂ ಹೊಳೆಯುತ್ತದೆ.

ಈ ಆರು ಕೊಕ್ಕೆಯ ವಿನ್ಯಾಸ ಹೆಸರಾಗಿದ್ದು ನ್ಯೂಯಾರ್ಕಿನ ಟಿಫನಿ ಕಂಪನಿಯಿಂದ, 1886ರಲ್ಲಿ. ಕಲ್ಲನ್ನು ಬಳೆಯಿಂದ, ಅಂದರೆ ಬೆರಳು ಸುತ್ತುವ ಚಿನ್ನದ ಸುತ್ತಿನಿಂದ, ಮೇಲಕ್ಕೆತ್ತಿ ಸುತ್ತಲಿಂದಲೂ ಬೆಳಕು ಬೀಳುವಂತೆ ಮಾಡುವುದು ಅದರ ಉಪಾಯ. ಕಣ್ಣಿಗೆ ಚಂದ, ಒಪ್ಪುತ್ತೇನೆ. ಆದರೆ ಅದನ್ನು ಹಾಕಿಕೊಂಡು ಉಕ್ಕರಿಸಿದ ಅಕ್ಕಿಹಿಟ್ಟು ನಾದಿದವರು ಯಾರೂ ಆ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಇರಲಿಲ್ಲ ಅನ್ನಿಸುತ್ತದೆ.

ಮೊದಲ ಏಟು ನಿಶ್ಚಿತಾರ್ಥದ ದಿನವೇ ಬಿತ್ತು. ಉಂಗುರ ಹಾಕಿಸಿಕೊಂಡೆ, ಫೋಟೋ ಆಯಿತು, ಹಿರಿಯರ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ. ಕೈ ಎತ್ತಿದಾಗ ಅತ್ತೆಯ ರೇಷ್ಮೆ ಸೀರೆಯ ಜರಿ ಎಳೆ ನನ್ನ ಬೆರಳಿನ ಜೊತೆಯೇ ಎದ್ದು ಬಂತು. ಅತ್ತೆ ಏನೂ ಅನ್ನಲಿಲ್ಲ. ಸೀರೆಯನ್ನು ಮಾತ್ರ ಇವತ್ತಿಗೂ ತೋರಿಸುತ್ತಾರೆ.

ಆಮೇಲೆ ಇದು ದಿನದ ಕಥೆ. ನಮ್ಮ ಕಡೆ ಮಳೆಗಾಲದಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ತೋಳಿನಲ್ಲಿ ಕೈ ತೂರಿಸಿದಾಗೆಲ್ಲ ಉಣ್ಣೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಹೆಬ್ಬೆರಳನ್ನು ಉಂಗುರದ ಮೇಲೆ ಮುಚ್ಚಿ, ಮುಷ್ಟಿ ಮಾಡಿ ಕೈ ತೂರಿಸುವುದು ಅಭ್ಯಾಸವಾಯಿತು. ತಲೆ ಬಾಚಿಕೊಳ್ಳುವಾಗ ಕೂದಲು. ಬಟ್ಟೆ ಹಿಂಡುವಾಗ ಟವೆಲ್ಲಿನ ನೂಲು. ಬಸ್ಸಿನಲ್ಲಿ ಪಕ್ಕದವರ ವೇಲಿಗೆ ಸಿಕ್ಕಿ ಒಮ್ಮೆ ಇಬ್ಬರೂ ಒಟ್ಟಿಗೆ ಇಳಿಯಬೇಕಾಯಿತು.

ನಾನು ಲ್ಯಾಬ್ ಟೆಕ್ನಿಷಿಯನ್. ದಿನಕ್ಕೆ ಹತ್ತಾರು ಸಲ ಗ್ಲೌಸ್ ಬದಲಾಯಿಸುವ ಕೆಲಸ. ಹಾಕಿದ ಗ್ಲೌಸೆಲ್ಲ ಅದೇ ಜಾಗದಲ್ಲಿ ಹರಿಯುತ್ತಿತ್ತು. ಕೊನೆಗೆ ಡ್ಯೂಟಿಗೆ ಹೋದ ಕೂಡಲೇ ಉಂಗುರ ತೆಗೆದು ಮಾಂಗಲ್ಯದ ಸರಕ್ಕೆ ಪೋಣಿಸಿಕೊಳ್ಳಲು ಶುರು ಮಾಡಿದೆ. ಅಂದರೆ 58,000 ರೂಪಾಯಿಯ ಉಂಗುರ ಹಗಲೆಲ್ಲ ಸಮವಸ್ತ್ರದ ಒಳಗೆ. ಯಾರ ಕಣ್ಣಿಗೂ ಬೀಳದೆ ಹೊಳೆಯುತ್ತಿತ್ತು, ಪಾಪ.

ಮಗ ಹುಟ್ಟಿದ ಮೇಲೆ ನಿಜವಾಗಿಯೂ ಸಿಟ್ಟು ಬಂದಿದ್ದು. ಎಣ್ಣೆ ಹಚ್ಚಿ ನೀರು ಹಾಕುವಾಗ ಬೆನ್ನಿನ ಮೇಲೆ ಕೂದಲೆಳೆಯಷ್ಟು ಒಂದು ಕೆಂಪು ಗೀರು. ಅವತ್ತೇ ತೆಗೆದಿಟ್ಟೆ. ಹೇಗೂ ಬಸುರಿನಲ್ಲಿ ಊದಿದ ಬೆರಳಿಗೆ ಅದು ಬಿಗಿಯೇ ಆಗಿತ್ತು. ನಂತರ ಎರಡು ಅಳತೆ ದೊಡ್ಡದು ಮಾಡಿಸಿದೆ. ಬಳೆ ಸಾದಾ ಇದ್ದಿದ್ದರಿಂದ ಸುಲಭವಾಗಿ ಆಯಿತು. ಸುತ್ತಲೂ ಸಣ್ಣ ಹರಳು ಕೂರಿಸಿದ ಬಳೆಯಾಗಿದ್ದರೆ ಅಳತೆ ಬದಲಿಸುವುದೇ ಕಷ್ಟ. ಆ ನಮೂನೆಯದ್ದನ್ನು ನೋಡುತ್ತಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಇಷ್ಟಾದರೂ ಒಂದು ಸುಖ ಇತ್ತು, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಭಾನುವಾರ ತಿಂಡಿ ಆದ ಮೇಲೆ, ಎರಡನೇ ಕಾಫಿಯ ಹೊತ್ತಿಗೆ, ಉಂಗುರ ತೊಳೆಯುವುದು. ಸ್ಟೀಲ್ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಕಾಫಿ ಮುಗಿಯುವವರೆಗೆ ನೆನೆಯಲು ಬಿಡುವುದು. ಆಮೇಲೆ ಮಗನ ಹಳೆಯ ಮೆತ್ತನೆ ಬ್ರಷ್ಷಿನಲ್ಲಿ ಕಲ್ಲಿನ ಕೆಳಗೆ, ಕೊಕ್ಕೆಗಳ ಸಂದಿಯಲ್ಲಿ ಮೆಲ್ಲಗೆ ಉಜ್ಜುವುದು. ಸಿಂಕಿನಲ್ಲಿ ಬೇಡ, ಜಾರಿದರೆ ನೇರ ಮೋರಿಗೆ. ವಜ್ರಕ್ಕೆ ಎಣ್ಣೆ, ಜಿಡ್ಡು ಅಂದರೆ ಬಹಳ ಪ್ರೀತಿ. ಗಣಿಗಳಲ್ಲಿ ಜಿಡ್ಡು ಬಳಿದ ಮೇಜಿನ ಮೇಲೆ ಪುಡಿ ಮಾಡಿದ ಅದಿರನ್ನು ನೀರಿನ ಜೊತೆ ಹರಿಸುತ್ತಿದ್ದರಂತೆ. ಬೇರೆ ಕಲ್ಲೆಲ್ಲ ಕೊಚ್ಚಿಕೊಂಡು ಹೋಗಿ ವಜ್ರ ಮಾತ್ರ ಅಂಟಿಕೊಳ್ಳುತ್ತಿತ್ತು. ನನ್ನದೂ ಅಷ್ಟೇ, ಒಂದು ವಾರ ಒಗ್ಗರಣೆ ಹಾಕಿದರೆ ಸಾಕು, ಗಾಜಿನ ಚೂರಿನ ಹಾಗೆ ಮಂಕಾಗುತ್ತಿತ್ತು. ತೊಳೆದು ಕಿಟಕಿಯ ಹತ್ತಿರ ಹಿಡಿದರೆ ಗೋಡೆಯ ಮೇಲೆ ಬಣ್ಣದ ಚುಕ್ಕಿಗಳು. ಮಗ ಅದನ್ನು ಹಿಡಿಯಲು ಓಡುತ್ತಿದ್ದ. ಆ ಹತ್ತು ನಿಮಿಷ ಏಡಿಯ ಮೇಲಿನ ಸಿಟ್ಟೆಲ್ಲ ಇಳಿಯುತ್ತಿತ್ತು.

2023ರಲ್ಲಿ ಹೀಗೇ ತೊಳೆಯುತ್ತಿದ್ದಾಗ ಕಲ್ಲು ಅಲ್ಲಾಡಿದ ಹಾಗೆ ಅನ್ನಿಸಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಟಿಕ್ ಟಿಕ್. ಕೊಂಡ ಅಂಗಡಿಗೆ ಹೋದರೆ, “ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕು, ಒಂದೂವರೆ ತಿಂಗಳು ಆಗುತ್ತೆ” ಅಂದರು. ಮಾರುವಾಗ ಕಾಫಿ ಕೊಟ್ಟವರು ಈಗ ಕುರ್ಚಿಯನ್ನೂ ತೋರಿಸಲಿಲ್ಲ. ಅಲ್ಲಿಂದ ನೇರ ಗಾಂಧಿ ಬಜಾರಿನ ಕಡೆ ನಡೆದೆ. ಅಪ್ಪನ ಕಾಲದಿಂದ ನಮ್ಮ ಮನೆಯ ಚಿನ್ನದ ಕೆಲಸ ಮಾಡುವ ಆಚಾರ್ರು ಅಲ್ಲಿದ್ದಾರೆ.

ಆಚಾರ್ರು ಭೂತಗನ್ನಡಿ ಕಣ್ಣಿಗೆ ಇಟ್ಟುಕೊಂಡು ನೋಡಿದರು. “ಒಂದು ಕಾಲು ಬಾಗಿದೆ, ಎರಡು ಸವೆದಿವೆ. ಆರಿದ್ದಕ್ಕೆ ಉಳಿದಿದೆ ಕಣಮ್ಮ. ನಾಲ್ಕೇ ಇದ್ದಿದ್ದರೆ ಇಷ್ಟೊತ್ತಿಗೆ ಕಲ್ಲು ಹುಡುಕುತ್ತಾ ಇರ್ತಿದ್ದೆ.” ಕೊಕ್ಕೆಯ ತುದಿಗೆ ಚಿನ್ನ ಕೂಡಿಸಿ ಗಟ್ಟಿ ಮಾಡಿಕೊಡಲು 1,500 ರೂಪಾಯಿ. ಇಲ್ಲ ಅಂದರೆ ಕೊಕ್ಕೆ ಪೂರ್ತಿ ತೆಗೆದು ಕಲ್ಲಿನ ಸುತ್ತ ಚಿನ್ನದ ಕಟ್ಟು ಕಟ್ಟುವುದು, ಅಂಗಡಿಯ ಭಾಷೆಯಲ್ಲಿ ಬೆಜೆಲ್. ಅದಕ್ಕೆ ಚಿನ್ನ, ಕೂಲಿ ಸೇರಿ 9,500.

ನನಗೆ ತಕ್ಷಣ ನೆನಪಾಗಿದ್ದು ಅಜ್ಜಿಯ ವಜ್ರದ ಬೆಂಡೋಲೆ. ಅದು ಕ್ಲೋಸ್ ಸೆಟ್ಟಿಂಗ್, ಕಲ್ಲಿನ ಹಿಂದೆ ಪೂರ್ತಿ ಚಿನ್ನ ಮುಚ್ಚಿರುತ್ತದೆ. ಸಂದಿಯಲ್ಲಿ ಎಣ್ಣೆ, ನೀರು ಇಳಿದರೆ ಮುಗಿಯಿತು, ಕಲ್ಲು ಕಪ್ಪಾಗಿ ಕಾಣುತ್ತದೆ. ಅಭ್ಯಂಜನದ ದಿನ ಅಜ್ಜಿ ಮೊದಲು ಓಲೆ ಬಿಚ್ಚಿ ದೇವರ ಮನೆಯ ಡಬ್ಬಿಯಲ್ಲಿ ಇಡುತ್ತಿದ್ದರು. ಆದರೆ ಐವತ್ತು ವರ್ಷದಲ್ಲಿ ಒಂದು ಕಲ್ಲೂ ಬೀಳಲಿಲ್ಲ, ಒಂದು ಸೀರೆಯೂ ಹರಿಯಲಿಲ್ಲ. ನನಗೆ ಬೇಕಿದ್ದದ್ದು ಅದೇ, ಹಿಂದೆ ಮಾತ್ರ ತೆರೆದಿರಬೇಕು. ಹಾಗೇ ಮಾಡಿಕೊಡುತ್ತೇನೆ ಅಂದರು ಆಚಾರ್ರು.

ಇಲ್ಲಿ ಒಂದು ಎಚ್ಚರಿಕೆ. ಸರ್ಟಿಫಿಕೇಟ್ ಇರುವ ಎಷ್ಟೋ ಕಲ್ಲುಗಳ ಅಂಚಿನಲ್ಲಿ ಲೇಸರಿನಿಂದ ಸಣ್ಣ ನಂಬರ್ ಬರೆದಿರುತ್ತಾರೆ. ಚಿನ್ನದ ಕಟ್ಟು ಬಂದರೆ ಆ ಅಂಚೇ ಮುಚ್ಚಿ ಹೋಗುತ್ತದೆ, ಆಮೇಲೆ ಓದಲು ಆಗುವುದಿಲ್ಲ. ನಾನು ಭೂತಗನ್ನಡಿಗೆ ಮೊಬೈಲ್ ಹಿಡಿದು ಫೋಟೋ ತೆಗೆದುಕೊಂಡೆ. ಆಚಾರ್ರಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರೇ ಬೆಳಕು ಹಿಡಿದರು.

ಈಗ ಎರಡು ವರ್ಷ ಆಯಿತು. ಗ್ಲೌಸ್ ಹರಿಯುವುದಿಲ್ಲ. ಉಂಗುರ ಹಗಲೂ ಬೆರಳಲ್ಲೇ ಇದೆ. ರೊಟ್ಟಿ ತಟ್ಟಿದರೆ ಹಿಟ್ಟು ಮೇಲೆ ಹತ್ತುವುದಿಲ್ಲ. ಅತ್ತೆ ತಮ್ಮ ಸೀರೆ ಮಡಿಸಲು ನನ್ನ ಕೈಗೆ ಕೊಡುತ್ತಾರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಹೊಳಪು? ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಚೆನ್ನಾಗಿ ಕಟ್ ಮಾಡಿದ ಕಲ್ಲಿಗೆ ಹೆಚ್ಚಿನ ಬೆಳಕು ಮೇಲಿನಿಂದಲೇ ಹೋಗಿ ಮೇಲಕ್ಕೇ ತಿರುಗಿ ಬರುತ್ತದೆ. ಅದಕ್ಕೇ ಲ್ಯಾಬಿನ ಟ್ಯೂಬ್‌ಲೈಟ್ ಕೆಳಗೆ ನನಗೆ ವ್ಯತ್ಯಾಸ ಕಾಣುವುದಿಲ್ಲ. ಬಿಸಿಲಲ್ಲಿ ಕಾಣುತ್ತದೆ. ಕಲ್ಲು ಒಂದು ಚೂರು ಚಿಕ್ಕದಾದ ಹಾಗೆ, ಅಂಚಿನಲ್ಲಿ ಹಳದಿ ಛಾಯೆ ಬಿದ್ದ ಹಾಗೆ.

ಉಂಗುರದ ಭಾನುವಾರದ ಸ್ನಾನವೂ ಮೊದಲಿನ ಹಾಗಿಲ್ಲ. ಕೆಳಗಿನ ತೂತು ಚಿಕ್ಕದು, ಬ್ರಷ್ಷಿನ ಎಳೆ ಒಳಗೆ ಹೋಗುವುದೇ ಕಷ್ಟ. ಒಂದು ಗಂಟೆ ನೆನೆಸಬೇಕು. ಕಾಫಿ ಮುಗಿದು, ಪೇಪರ್ ಮುಗಿದು, ಕುಕ್ಕರ್ ಇಟ್ಟರೂ ಉಂಗುರ ಬಟ್ಟಲಲ್ಲೇ ಇರುತ್ತದೆ. ಗೋಡೆಯ ಮೇಲೆ ಚುಕ್ಕಿಗಳು ಬೀಳುತ್ತವೆ, ಮೊದಲಿಗಿಂತ ಕಡಿಮೆ. ಮಗ ಈಗ ಅದರ ಹಿಂದೆ ಓಡುವುದಿಲ್ಲ. ಅದಕ್ಕೆ ಉಂಗುರ ಕಾರಣ ಅಲ್ಲ ಬಿಡಿ, ಅವನಿಗೆ ಐದು ತುಂಬುತ್ತಾ ಬಂತು. ಸ್ವೆಟರ್ ಹಾಕುವಾಗ ಮಾತ್ರ ಕೈ ಇನ್ನೂ ತಾನಾಗಿಯೇ ಮುಷ್ಟಿಯಾಗುತ್ತದೆ.

ಕಳೆದ ತಿಂಗಳು ನಾದಿನಿಯ ನಿಶ್ಚಿತಾರ್ಥಕ್ಕೆ ಉಂಗುರ ನೋಡಲು ಹೋಗಿದ್ದೆವು. ಈ ಸಲ ನಾನು ತಯಾರಾಗಿದ್ದೆ. ಬ್ಯಾಗಿನಲ್ಲಿ ಹಳೆಯ ಉಣ್ಣೆ ಶಾಲು. ಅಂಗಡಿಯವರು ಕೊಟ್ಟ ಉಂಗುರವನ್ನೆಲ್ಲ ಹಾಕಿಸಿ, ಶಾಲಿನ ಮೇಲೆ ಕೈ ಎಳೆಸಿದೆ. ಸೇಲ್ಸ್ ಹುಡುಗ ಮುಖ ಮುಖ ನೋಡಿದ. ಬೆಜೆಲ್ ಜಾರಿತು. ನಾಲ್ಕು ಕೊಕ್ಕೆಯದ್ದು ಸ್ವಲ್ಪ ತಡವರಿಸಿತು. ಆರು ಕೊಕ್ಕೆಯ ಎತ್ತರದ್ದು ಶಾಲನ್ನೇ ಹಿಡಿದುಕೊಂಡು ನಿಂತಿತು. ಬಿಡಿಸಲು ಇಬ್ಬರು ಬೇಕಾಯಿತು.

ನಾದಿನಿ ಬೆರಳನ್ನು ಬಲ್ಬಿನ ಕೆಳಗೆ ಆಚೆ ಈಚೆ ತಿರುಗಿಸಿ ನೋಡಿದಳು.

“ಅತ್ತಿಗೆ, ನಂಗೆ ಇದೇ ಇರಲಿ” ಅಂದಳು. ಶಾಲಿನ ಒಂದು ಎಳೆ ಇನ್ನೂ ಅದರಲ್ಲೇ ಇತ್ತು.