ಬಚ್ಚಲಿನ ತಾಮ್ರದ ಬಾಯ್ಲರ್: ರಿಪೇರಿಯೋ, ಹೊಸದೋ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲಿನಲ್ಲಿರುವ ತಾಮ್ರದ ಬಾಯ್ಲರನ್ನು ಅಪ್ಪ 1987ರಲ್ಲಿ ತಂದಿದ್ದರು. ಕಳೆದ ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅಡಿಕೆ ಸಿಪ್ಪೆ ತುಂಬಿ ಬೆಂಕಿ ಹಚ್ಚಿದಾಗ ಉರಿ ಹತ್ತಲಿಲ್ಲ. ಒಳಗಿನಿಂದ ಚುಂಯ್ ಎನ್ನುವ ಸದ್ದು ಬರುತ್ತಿತ್ತು. ಜಾಲರಿಯ ಕೆಳಗಿನ ಬೂದಿಯನ್ನು ಎಳೆದು ನೋಡಿದರೆ ಕಲಸಿದ ಹಿಟ್ಟಿನ ಹಾಗೆ ಒದ್ದೆಯಾಗಿತ್ತು. ಇದನ್ನು ರಿಪೇರಿ ಮಾಡಿಸಬೇಕೋ, ಕೊಟ್ಟು ಹೊಸದು ತರಬೇಕೋ ಎಂದು ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ಕೊನೆಗೆ ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿದೆವು. ಅಲ್ಲಿ ಸಿಕ್ಕ ಕೆಲಸದ ಬಗ್ಗೆಯೂ, ಆ ತೀರ್ಮಾನಕ್ಕೆ ಬಂದ ಬಗೆಯ ಬಗ್ಗೆಯೂ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಮಲೆನಾಡಿನ ಬಹಳಷ್ಟು ಬಚ್ಚಲುಗಳಲ್ಲಿ ಇದೆ ಎಂಬುದು ನನಗೆ ಗೊತ್ತು.

ಈ ಬಾಯ್ಲರಿನ ರಚನೆ ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ. ನಡುವೆ ಉರಿ ಉರಿಯುವ ಕೊಳವೆ, ಅದರ ಸುತ್ತ ನೀರು, ಹೊರಗೆ ತಾಮ್ರದ ಮೈ. ಮೇಲಿನ ಬಾಯಿಗೆ ಹೊಯ್ದ ತಣ್ಣೀರು ಒಂದು ಸಣ್ಣ ನಳಿಗೆಯ ಮೂಲಕ ತಳಕ್ಕೆ ಇಳಿಯುತ್ತದೆ ಮತ್ತು ಮೇಲೆ ನಿಂತಿರುವ ಬಿಸಿನೀರನ್ನು ಹೊರಕ್ಕೆ ತಳ್ಳುತ್ತದೆ. ಎಷ್ಟು ಹೊಯ್ದರೆ ಅಷ್ಟೇ ಬರುವುದರಿಂದ ಪಾತ್ರೆ ಸದಾ ತುಂಬಿರುತ್ತದೆ, ಬಾಯಿ ತೆರೆದೇ ಇರುವುದರಿಂದ ಒಳಗೆ ಒತ್ತಡ ಕಟ್ಟುವುದಿಲ್ಲ. ಬೆನ್ನಿಗೆ ನೀರು ಇರುವವರೆಗೆ ತಾಮ್ರದ ತಗಡು ಕುದಿಯುವ ನೀರಿಗಿಂತ ಹೆಚ್ಚೇನೂ ಕಾಯುವುದಿಲ್ಲ. ಆದರೆ ಕೊಳವೆಯ ಕೆಳ ಅಂಚಿನಲ್ಲಿ, ಜಾಲರಿ ಕೂರುವ ಬಳೆಯ ಹತ್ತಿರ, ತಗಡಿನ ಹಿಂದೆ ನೀರಿಲ್ಲ. ಕೆಂಡದ ಕಾವು ನೇರವಾಗಿ ಬೀಳುವುದು ಅಲ್ಲಿಗೇ, ರಾತ್ರಿಯಿಡೀ ಬೂದಿ ಕುಳಿತು ಮಳೆಗಾಲದ ಥಂಡಿಗೆ ಒದ್ದೆಯಾಗುವುದೂ ಅಲ್ಲೇ. ಸವೆತ ಮೊದಲು ಶುರುವಾಗುವುದು ಆ ಜಾಗದಲ್ಲಿ.

ನಾವು ಮೊದಲು ಹತ್ತಿರದಲ್ಲೇ ಒಬ್ಬರಿಂದ ಬೆಸುಗೆ ಹಾಕಿಸಿದೆವು, ಅದು ಹದಿನೈದು ದಿನವೂ ನಿಲ್ಲಲಿಲ್ಲ. ಅವರು ಹಾಕಿದ್ದು ಸೀಸ ಬೆರೆತ ತವರದ ಬೆಸುಗೆ. ಅಂಥ ಬೆಸುಗೆ ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಹೊರಮೈಯ ತೂತಿಗೆ ಅದು ಸಾಕಾದೀತು, ಕೆಂಡದ ಬಾಯಲ್ಲಿ ನಿಲ್ಲುವುದು ಸಾಧ್ಯವೇ ಇಲ್ಲ. ಉರಿ ತಾಗುವ ಜಾಗಕ್ಕೆ ಗ್ಯಾಸಿನಲ್ಲಿ ಹಿತ್ತಾಳೆಯ ಬೆಸುಗೆಯೇ ಆಗಬೇಕು. ಹಿತ್ತಾಳೆ ಕರಗಲು 900 ಡಿಗ್ರಿಯ ಆಸುಪಾಸಿನ ಕಾವು ಬೇಕು, ತಾಮ್ರ ಕರಗುವುದು 1085 ಡಿಗ್ರಿಗೆ. ಈ ಎರಡರ ನಡುವಿನ ಅಂತರದಲ್ಲಿ ಕೈ ನಡೆಸಬಲ್ಲವರು ಈಗ ಕಡಿಮೆ. ರಿಪೇರಿಗೆ ಕೊಡುವ ಮೊದಲು ಯಾವ ಬೆಸುಗೆ ಹಾಕುತ್ತೀರಿ ಎಂದು ಕೇಳಬೇಕಿತ್ತು, ನಾನು ಕೇಳಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಬಾಯ್ಲರನ್ನು ಪಿಕಪ್‌ಗೆ ಹೇರಿಕೊಂಡು ಮಂಡಗದ್ದೆ, ಗಾಜನೂರು ದಾರಿಯಲ್ಲಿ ಶಿವಮೊಗ್ಗಕ್ಕೆ ಒಯ್ದೆವು. ಗಾಂಧಿ ಬಜಾರಿನ ಹತ್ತಿರದ ಓಣಿಯೊಂದರಲ್ಲಿ ತಾಮ್ರದ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಬೆಲೆಯ ಮಾತನ್ನು ಎತ್ತಲೇ ಇಲ್ಲ. ಮೊದಲು ಕೊಳವೆಯ ಒಳಗಿನ ಮಸಿಯನ್ನೆಲ್ಲ ಕೆರೆದು ತೆಗೆದರು, ತೆಳುವಾಗಿ ಸುಣ್ಣ ಬಳಿದು ಬಿಸಿಲಿಗೆ ಒಣಗಿಸಿದರು, ಆಮೇಲೆ ನೀರು ತುಂಬಿದರು. ಕಾಲು ಗಂಟೆಯೊಳಗೆ ಬಿಳಿ ಸುಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡಿದವು. ನಾವು ಒಂದೇ ತೂತು ಎಂದುಕೊಂಡಿದ್ದೆವು, ಲೆಕ್ಕ ಹಾಕಿದರೆ ಏಳು. ಬಳಿಕ ಮರದ ಸುತ್ತಿಗೆಯಿಂದ ಹೊರಮೈಯನ್ನು ಸುತ್ತಲೂ ತಟ್ಟುತ್ತ ಹೋದರು. ಎಲ್ಲ ಕಡೆ ಗಂಟೆಯ ಹಾಗೆ ನಾದ ಬಂತು. ಕೊಳವೆಯ ಕೆಳಭಾಗಕ್ಕೆ ತಟ್ಟಿದಾಗ ಮಾತ್ರ ದಬ ದಬ ಎಂದಿತು, ಹೆಬ್ಬೆರಳಿನಿಂದ ಒತ್ತಿದರೆ ತಗಡು ಒಳಕ್ಕೆ ಹೋಗುತ್ತಿತ್ತು. "ಸ್ವಾಮಿ, ಮೈ ಇನ್ನೂ ಗಟ್ಟಿ ಇದೆ, ಕೊಳವೆ ಮುಗಿದಿದೆ. ತೂತು ಮುಚ್ಚಿದರೆ ಮುಂದಿನ ತಿಂಗಳು ಮತ್ತೆ ಬರ್ತೀರಿ. ಕೊಳವೆ ಬದಲಿಸೋಣ, ಮೈ ಕೊಡಬೇಡಿ" ಎಂದರು.

ತೀರ್ಮಾನದ ಕೀಲಿ ಇರುವುದು ಇಷ್ಟರಲ್ಲೇ. ಬಾಯ್ಲರಿಗೆ ಎಷ್ಟು ವರ್ಷವಾಯಿತು ಎಂಬುದು ಮುಖ್ಯವಲ್ಲ, ಯಾವ ಭಾಗ ಸವೆದಿದೆ ಎಂಬುದು ಮುಖ್ಯ. ಹೊರಮೈಯೇ ಅಲ್ಲಲ್ಲಿ ತೆಳುವಾಗಿ, ನಾಲ್ಕಾರು ಕಡೆ ಹಸಿರು ಕಿಲುಬು ಕಟ್ಟಿ ಜಿನುಗುತ್ತಿದ್ದರೆ ರಿಪೇರಿಯ ದುಡ್ಡು ವ್ಯರ್ಥ. ಆಗ ಹಳೆಯ ತಾಮ್ರವನ್ನು ತೂಕಕ್ಕೆ ಕೊಟ್ಟು ಹೊಸದು ತರುವುದೇ ಸರಿ.

ಹೊಸದರ ಲೆಕ್ಕವನ್ನೂ ನಾವು ಹಾಕದೆ ಬಿಟ್ಟಿರಲಿಲ್ಲ. ಇಷ್ಟೇ ಅಳತೆಯ ತಾಮ್ರದ ಬಾಯ್ಲರಿಗೆ ಅಂಗಡಿಯಲ್ಲಿ 22,000 ರೂಪಾಯಿ ಹೇಳಿದರು. ಸ್ಟೀಲಿನದು ಅದಕ್ಕಿಂತ ಬಹಳ ಅಗ್ಗ. ತಾಮ್ರದಲ್ಲಿ ನೀರು ಬೇಗ ಕಾಯುತ್ತದೆ ಎಂದು ಅಂಗಡಿಯವರು ಹೇಳುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಚೆನ್ನಾಗಿ ಶಾಖವನ್ನು ಹಾಯಿಸುತ್ತದೆ ಎಂಬುದು ನಿಜ. ಆದರೆ ಇಷ್ಟು ತೆಳು ತಗಡಿನಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ತಡೆ ಇರುವುದು ಉರಿಯಿಂದ ತಗಡಿಗೆ ಶಾಖ ದಾಟುವ ಕಡೆ. ಕೊಳವೆಗೆ ಅಂಟಿದ ಮಸಿ ಆ ತಡೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಹಾಗಾಗಿ ವಾರಕ್ಕೊಮ್ಮೆ ಮಸಿ ಕೆರೆಯುವುದರಿಂದಲೇ ಸೌದೆ ಉಳಿಯುತ್ತದೆ. ತಾಮ್ರದ ನಿಜವಾದ ಹಿರಿಮೆ ಬೇರೆ. ಅದನ್ನು ಕತ್ತರಿಸಿ, ಬಡಿದು, ಬೆಸೆದು ಮತ್ತೆ ಬಳಸಬಹುದು, ಕೊನೆಗೂ ಅದಕ್ಕೆ ತೂಕದ ಬೆಲೆ ಇರುತ್ತದೆ.

ಬಾಯ್ಲರನ್ನೇ ತೆಗೆದು ಗೀಸರ್ ಹಾಕಿಸೋಣ ಎಂಬುದು ತಮ್ಮನ ಸಲಹೆಯಾಗಿತ್ತು. ಐದು ಜನರ ಸ್ನಾನಕ್ಕೆ ದಿನಕ್ಕೆ 200 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಸುಮಾರು ಆರು ಯೂನಿಟ್ ವಿದ್ಯುತ್ ಬೇಕು. ಖರ್ಚನ್ನು ಬದಿಗಿಟ್ಟರೂ ಮಳೆಗಾಲದ ವೋಲ್ಟೇಜ್ ದೊಡ್ಡ ಪ್ರಶ್ನೆ. 230ರ ಜಾಗದಲ್ಲಿ 180 ವೋಲ್ಟ್ ಬಂದರೆ 2000 ವ್ಯಾಟಿನ ಗೀಸರ್ ಸುಮಾರು 1200 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ, ಮರ ಬಿದ್ದು ಕರೆಂಟ್ ಹೋದ ದಿನ ಅದೂ ಇಲ್ಲ. ಸೋಲಾರ್ ಶಿವಮೊಗ್ಗ ಪೇಟೆಯಲ್ಲಿ ಸರಿಹೋದೀತು. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇರುವುದು ನಮ್ಮ ತಾಲ್ಲೂಕಿನಲ್ಲೇ, ಮತ್ತು ಬಿಸಿನೀರು ಹೆಚ್ಚು ಬೇಕಾಗುವುದು ಸೂರ್ಯ ಕಾಣದ ಆ ತಿಂಗಳುಗಳಲ್ಲೇ. ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ ತೋಟದಲ್ಲೇ ಸಿಗುವ ಮನೆಗೆ ಬಾಯ್ಲರನ್ನು ಬಿಡಲು ನನಗೆ ಕಾರಣ ಕಾಣಲಿಲ್ಲ. ಸೌದೆಯನ್ನು ದುಡ್ಡು ಕೊಟ್ಟು ತರುವವರ ಲೆಕ್ಕ ಬೇರೆಯೇ ಆಗುತ್ತದೆ.

ಇನ್ನು ಆದ ಕೆಲಸದ ಬಗ್ಗೆ. ಹಳೆಯ ಕೊಳವೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಮೊದಲಿನದಕ್ಕಿಂತ ದಪ್ಪ ತಗಡಿನ ಹೊಸ ಕೊಳವೆ ಕೂರಿಸಿದ್ದಾರೆ. ಬೆಸುಗೆಯ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆ, ಬೆರಳಾಡಿಸಿದರೆ ಎಲ್ಲಿಯೂ ಗಂಟು ಸಿಗುವುದಿಲ್ಲ. ಕೊಳವೆ ತೆಗೆದಾಗ ತಳದಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಕೆಮ್ಮಣ್ಣು ಗಟ್ಟಿಯಾಗಿ ಕುಳಿತಿತ್ತು. ನಮ್ಮದು ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು, ಮಳೆಗಾಲದಲ್ಲಿ ಕೆಂಪಗೇ ಬರುತ್ತದೆ. ಆ ಮಣ್ಣು ತಗಡಿಗೂ ನೀರಿಗೂ ನಡುವೆ ಕುಳಿತು ತಗಡು ಸುಡುವುದಕ್ಕೆ ಕಾರಣವಾಗಿತ್ತು. ಅದನ್ನು ಕಂಡು ಅವರು ನಾವು ಕೇಳದಿದ್ದರೂ ತಳಕ್ಕೆ ಒಂದು ಚಿಕ್ಕ ನಲ್ಲಿ ಇಟ್ಟುಕೊಟ್ಟರು. ಈಗ ಹದಿನೈದು ದಿನಕ್ಕೊಮ್ಮೆ, ಒಲೆ ಆರಿ ತಣಿದ ಮೇಲೆ, ಕೆಸರು ಬಿಟ್ಟು ಮತ್ತೆ ಪೂರ್ತಿ ತುಂಬಿಸಿಯೇ ಬೆಂಕಿ ಹಚ್ಚುತ್ತೇವೆ. ರಾತ್ರಿ ಬೂದಿಯನ್ನು ಒಳಗೆ ಬಿಡಬಾರದೆಂದು ಅವರು ಅಮ್ಮನಿಗೆ ಫೋನಿನಲ್ಲಿ ಎರಡು ಸಲ ಹೇಳಿದರು. ಹಳೆಯ ಕೊಳವೆಯ ತಾಮ್ರವನ್ನು ನಮ್ಮೆದುರೇ ತೂಗಿ, ಅದರ ಬೆಲೆ ಕಳೆದು 4,600 ರೂಪಾಯಿ ತೆಗೆದುಕೊಂಡರು. ಆರು ತಿಂಗಳಾಯಿತು, ಬೂದಿ ಒಣಗಿಯೇ ಇದೆ.

ಕೊರತೆ ಇಲ್ಲವೆಂದಲ್ಲ. ಬಿಲ್ ಕೊಡುವ ಪದ್ಧತಿ ಅಲ್ಲಿಲ್ಲ, ಕಾಗದದ ಚೂರಿನ ಮೇಲಿನ ಲೆಕ್ಕವೇ ಆಧಾರ. ಹೊಸ ನಲ್ಲಿ ಹಗುರದ್ದು, ಒಂದು ಸಲ ವಾಷರ್ ಬದಲಿಸಬೇಕಾಯಿತು. ಐದು ದಿನ ಎಂದಿದ್ದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು, ಅಷ್ಟೂ ದಿನ ಅಡುಗೆ ಮನೆಯ ಪಾತ್ರೆಯಲ್ಲಿ ನೀರು ಕಾಯಿಸಿದೆವು. ಅದರ ಕಾರಣ ಅಂಗಡಿಗೆ ಹೋದಾಗಲೇ ಕಂಡಿತ್ತು: ಅಡಿಕೆ ಕೊಯ್ಲಿಗೆ ಮುಂಚೆ ರಿಪೇರಿಗೆ ಬಂದ, ಅಡಿಕೆ ಬೇಯಿಸುವ ತಾಮ್ರದ ಹಂಡೆಗಳು ಬಾಗಿಲಿನವರೆಗೆ ಸಾಲಾಗಿ ಕುಳಿತಿದ್ದವು. ಬಾಯ್ಲರ್ ತೋರಿಸಬೇಕೆಂದಿರುವವರು ಏಪ್ರಿಲ್ ಹೊತ್ತಿಗೇ ಒಯ್ದರೆ ಕಾಯುವುದು ತಪ್ಪುತ್ತದೆ.