ಎಂಜಿನ್ ಹೊಳಪಿನ ಹೆಸರಿನಲ್ಲಿ ಬೆಳ್ಳಿ ಬಣ್ಣ: ಮೈಸೂರಿನ ಕಾರು ಮಾಲೀಕರೇ, ಎಚ್ಚರ

ಕಾರಿನ ಎಂಜಿನ್ ತೊಳೆಸಲು, ಅದರಲ್ಲೂ ಕಲೆ ಹಿಡಿದ ಅಲ್ಯೂಮಿನಿಯಂ ಭಾಗಗಳನ್ನು ‘ಹೊಸದರಂತೆ’ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿಯೇ ಗಾಡಿ ಹೊರಗೆ ತೆಗೆಯಿರಿ. ಅಂಗಡಿಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ಮುಂಚೆ ಇನ್ನೊಂದು ತಲೆನೋವು ಬೇಡ. ರಿಂಗ್ ರಸ್ತೆಯ ಪಕ್ಕ, ದೊಡ್ಡ ಫ್ಲೆಕ್ಸ್, ಆಯುಧಪೂಜೆಯ ವಿಶೇಷ ರಿಯಾಯಿತಿ. ಅಂಥ ಅಂಗಡಿಗಳು ಬೇಕಾದಷ್ಟಿವೆ ಎನ್ನುತ್ತೀರಿ. ಇವೆ, ಅದಕ್ಕೇ ಬರೆಯುತ್ತಿರುವುದು.

ಗಾಡಿ ಅಪ್ಪನದು, 2001ರ ಮಾರುತಿ ಝೆನ್. ಆ 993 ಸಿಸಿ ಎಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ ಎಂದು ಅಪ್ಪ ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ಬೇಸಿಗೆಯಲ್ಲಿ ರೇಡಿಯೇಟರಿನ ಒಂದು ಹೋಸ್ ಸೋರಿ ಕೂಲಂಟ್ ಎಲ್ಲ ಕಡೆ ಸಿಡಿದಿತ್ತು. ಹೋಸ್ ಬದಲಾಯಿಸಿದ್ದಾಯಿತು, ಆದರೆ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಗೇರ್‌ಬಾಕ್ಸಿನ ಮೇಲೆಲ್ಲ ಹಸಿರು ಮಿಶ್ರಿತ ಬಿಳಿ ಕಲೆಗಳು ಉಳಿದುಕೊಂಡವು. ಕೆಲವು ಕಡೆ ಬಿಳಿಯ ಪುಡಿ. ಹಬ್ಬಕ್ಕೆ ಮುಂಚೆ ಅದನ್ನು ತೆಗೆಸಿ ಅಪ್ಪನಿಗೆ ತೋರಿಸಬೇಕು ಎಂಬುದಷ್ಟೇ ನನ್ನ ಆಸೆ.

ಸಾಮಾನ್ಯ ಎಂಜಿನ್ ವಾಶ್‌ಗೆ ಕೆಲವು ನೂರು ರೂಪಾಯಿ ಆಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಈ ಅಂಗಡಿಯ ಮಾಲೀಕ ಕೇಳಿದ್ದು 3,500. ಯಾಕೆ ಎಂದರೆ, “ಇದು ವಾಶ್ ಅಲ್ಲ ಮೇಡಂ, ರೆಸ್ಟೋರೇಶನ್. ಕೆಮಿಕಲ್ ಹೊರಗಿನಿಂದ ತರಿಸುತ್ತೇವೆ” ಎಂದ. ಮೊಬೈಲಿನಲ್ಲಿ ಫೋಟೋಗಳನ್ನು ತೋರಿಸಿದ. ಎಡಕ್ಕೆ ಕೊಳಕು, ಬಲಕ್ಕೆ ಕನ್ನಡಿ. ಆ ಕನ್ನಡಿ ಎಲ್ಲಿಂದ ಬರುತ್ತದೆ ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು.

ಹೊರಗಿನಿಂದ ತರಿಸಿದ ಆ ಕೆಮಿಕಲ್ ಇದ್ದದ್ದು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ. ಲೇಬಲ್ ಇಲ್ಲ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ಇಪ್ಪತ್ತು ತುಂಬಿರದ ಹುಡುಗನೊಬ್ಬ, ಕೈಗವಸಿಲ್ಲ, ಕಣ್ಣಿಗೆ ಏನೂ ಇಲ್ಲ, ಅದನ್ನು ಇನ್ನೂ ಬಿಸಿಯಾಗಿದ್ದ ಎಂಜಿನ್ನಿನ ಮೇಲೆ ಹಿಚುಕಿದ. ಚುರ್ ಎಂದಿತು. ಮ್ಯಾನಿಫೋಲ್ಡಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದು ನೊರೆ ಬಂತು, ನೋಡುತ್ತಿದ್ದಂತೆ ಬೂದು ಬಣ್ಣಕ್ಕೆ ತಿರುಗಿತು. ಗಂಟಲಿಗೆ ಹಿಡಿಯುವಂಥ ಆವಿ. ಇದೇನು ಕುದಿಯುತ್ತಿದೆಯಲ್ಲ ಎಂದು ಕೇಳಿದೆ. ಮಾಲೀಕ ಕುರ್ಚಿಯಿಂದ ಏಳದೆಯೇ ಹೇಳಿದ: “ಒಳಗಿನ ಕೊಳೆ ಹೊರಗೆ ಬರುತ್ತಿದೆ ಮೇಡಂ. ಎಷ್ಟು ನೊರೆ ಬರುತ್ತದೋ ಅಷ್ಟು ಒಳ್ಳೆಯದು.”

ಎಷ್ಟು ನೊರೆ ಬರುತ್ತದೋ ಅಷ್ಟು ಒಳ್ಳೆಯದು! ಈ ಮಾತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಪ್ರೆಶರ್ ಪಂಪ್ ತಂದರು. “ನೀವು ಮನೆಗೆ ಹೋಗಿ ಬನ್ನಿ ಮೇಡಂ, ಸಂಜೆಗೆ ರೆಡಿ” ಎಂದು ನನ್ನನ್ನು ಸಾಗಹಾಕಿದರು. ಸಂಜೆ ಬಾನೆಟ್ ಎತ್ತಿ ತೋರಿಸಿದಾಗ, ಟ್ಯೂಬ್‌ಲೈಟಿನ ಕೆಳಗೆ ನಿಜಕ್ಕೂ ಫಳಫಳ. ಹಣ ಕಳಿಸಿದೆ, ಫೋಟೋ ತೆಗೆದೆ, ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದೆ. ಆ ಫೋಟೋ ಇನ್ನೂ ಅಲ್ಲೇ ಇದೆ, ಕೆಳಗೆ ಚಿಕ್ಕಮ್ಮನ ಚಪ್ಪಾಳೆ ಸಮೇತ.

ಮನೆ ತಲುಪುವಷ್ಟರಲ್ಲಿ ಕಾರಿನೊಳಗೆಲ್ಲ ಪೇಂಟಿನ ವಾಸನೆ. ಫೋನ್ ಮಾಡಿದೆ. “ಅದು ಕೋಟಿಂಗ್ ಮೇಡಂ. ಬಿಸಿಯಾದಾಗ ಸೆಟ್ ಆಗುತ್ತದೆ.” ಪೇಂಟಾ ಎಂದು ನೇರವಾಗಿಯೇ ಕೇಳಿದೆ. “ಪೇಂಟ್ ಅಲ್ಲವೇ ಅಲ್ಲ ಮೇಡಂ. ಪೇಂಟ್ ನಾವು ಮುಟ್ಟುವುದೇ ಇಲ್ಲ.” ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯುಧಪೂಜೆಯ ದಿನ ಅಕ್ಕ, ಭಾವ, ಮಕ್ಕಳು, ಪಕ್ಕದ ಮನೆಯವರು ಎಲ್ಲ ಸೇರಿದ್ದರು. ಅಪ್ಪ ಹೆಮ್ಮೆಯಿಂದ ಬಾನೆಟ್ ಎತ್ತಿ ನಿಲ್ಲಿಸಿದರು. ಅಕ್ಕ ಮ್ಯಾನಿಫೋಲ್ಡಿಗೆ ಅರಿಶಿನ ಕುಂಕುಮ ಇಟ್ಟು ಕೈ ಹಿಂದಕ್ಕೆ ತೆಗೆದರೆ ಬೆರಳಿನ ತುದಿಯೆಲ್ಲ ಬೆಳ್ಳಿ. ಕುಂಕುಮದ ಜೊತೆ ಹಪ್ಪಳದಂತೆ ಒಂದು ಸಿಪ್ಪೆ ಎದ್ದು ಬಂದಿತ್ತು. ಮಕ್ಕಳು ನಕ್ಕರು. ಭಾವ ನಗಲಿಲ್ಲ, ಬಗ್ಗಿ ನೋಡಿದರು. ಅವರು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಆನೊಡೈಸಿಂಗ್, ಅಂದರೆ ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪದರ ಬೆಳೆಸುವ ಕೆಲಸದವರು, ದಿನವಿಡೀ ಅಲ್ಯೂಮಿನಿಯಂ ಜೊತೆಗೇ ಇರುವವರು. “ಇದಕ್ಕೆ ಯಾರು ಸ್ಪ್ರೇ ಹೊಡೆದವರು?” ಎಂದರು. ನನಗೆ ನಾಲಿಗೆ ಏಳಲಿಲ್ಲ.

ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಬೆಳ್ಳಿಯೆಲ್ಲ ಬಟ್ಟೆಗೆ ಬಂತು, ಕೆಳಗೆ ಕಂಡದ್ದು ಕಪ್ಪು. ಮೊದಲಿದ್ದ ಕಲೆಯಲ್ಲ, ಇಡೀ ಭಾಗವೇ ಮಸಿ ಬಳಿದಂತೆ ಕಪ್ಪು, ಮುಟ್ಟಿದರೆ ಕೈಗೆ ಹತ್ತುತ್ತದೆ. ಇನ್ನೂ ಒಂದು ಕಂಡಿತು. ನಮ್ಮ ಕಾರು ನಿಲ್ಲುವುದು ಹೊಂಗೆ ಮರದ ಕೆಳಗೆ. ಆಲ್ಟರ್ನೇಟರಿನ ಹಿಂದಿನ ಸಂದಿಯಲ್ಲಿ ಒಣಗಿದ ಹೊಂಗೆ ಎಲೆಯ ಚೂರೊಂದು ಸಿಕ್ಕಿಕೊಂಡಿತ್ತು. ಅದಕ್ಕೂ ಬೆಳ್ಳಿ ಬಣ್ಣ, ನರಗಳು ಸಮೇತ. ಎಲೆಯನ್ನೂ ತೆಗೆಯದೆ ಬಣ್ಣ ಹೊಡೆದಿದ್ದಾರೆ! 3,500 ರೂಪಾಯಿಯ ರೆಸ್ಟೋರೇಶನ್!

ಅಪ್ಪ ಕೇಳಿದ್ದು ಒಂದೇ ಮಾತು: “ತೊಳೆಸಿದ್ದರೆ ಸಾಕಿತ್ತಲ್ಲಮ್ಮ, ಬಣ್ಣ ಯಾಕೆ ಹೊಡೆಸಿದೆ?” ಹೊಡೆಸಿದ್ದು ನಾನಲ್ಲ ಎಂದು ಎಲ್ಲರೆದುರು ವಿವರಿಸುತ್ತ ನಿಂತೆ. ಬೂದುಗುಂಬಳ ಒಡೆಯುವ ಹೊತ್ತು ಅದು.

ಭಾವ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಇರುತ್ತದೆ, ಲೋಹವನ್ನು ಕಾಯುವುದು ಅದೇ. ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 4ರಿಂದ 8.5ರ ಒಳಗಿದ್ದರೆ ಅದು ಉಳಿಯುತ್ತದೆ. ತೀಕ್ಷ್ಣ ಆಮ್ಲ ಹಾಕಿದರೂ ಕರಗುತ್ತದೆ, ತೀಕ್ಷ್ಣ ಕ್ಷಾರವಾದ ಕಾಸ್ಟಿಕ್ ಸೋಡಾ ಹಾಕಿದರೂ ಕರಗುತ್ತದೆ. ಆ ಬಾಟಲಿಯಲ್ಲಿದ್ದದ್ದು ಕಾಸ್ಟಿಕ್ಕೇ ಇರಬೇಕು ಎಂದು ಭಾವನ ಅಂದಾಜು. ಹಾಗಿದ್ದರೆ ಬಂದ ನೊರೆ ಕೊಳೆಯದಲ್ಲ, ಅಲ್ಯೂಮಿನಿಯಮ್ಮೇ ಕರಗುವಾಗ ಏಳುವ ಹೈಡ್ರೋಜನ್ ಗುಳ್ಳೆ. ಹೊತ್ತಿಕೊಳ್ಳುವ ಅನಿಲ. ಎಂಜಿನ್ನಿಗೆ ಬಳಸುವ ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಬೆರೆಸಿರುತ್ತಾರೆ, ಅದನ್ನು ಕಾಸ್ಟಿಕ್ ಅಷ್ಟು ಸುಲಭವಾಗಿ ಕರಗಿಸುವುದಿಲ್ಲ. ಸುತ್ತಲಿನ ಲೋಹ ಹೋಗಿ ಅದು ಕಪ್ಪಾಗಿ ಮೇಲೆ ಕೂರುತ್ತದೆ. ಕಾರ್ಖಾನೆಯಲ್ಲಿ ಅದನ್ನು ತೆಗೆಯಲು ಬೇರೆಯೇ ಆಮ್ಲದ ತೊಟ್ಟಿ ಇರುತ್ತದೆ, ಕಾರಿನ ಬಾನೆಟ್ ಕೆಳಗೆ ಇರುವುದಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಿ ಕುದಿಸಿ ಕಪ್ಪು ಮಾಡಿಕೊಂಡವರಿಗೆ ಇದು ಹೊಸದೇನಲ್ಲ. ಆ ಅಂಗಡಿಯವನಿಗೆ ಕಪ್ಪಾಗುತ್ತದೆ ಎಂಬುದು ಚೆನ್ನಾಗಿ ಗೊತ್ತು, ಅದಕ್ಕೇ ಸ್ಪ್ರೇ ಡಬ್ಬಿ ಪಕ್ಕದಲ್ಲೇ ಇರುತ್ತದೆ. ಇದು ನನ್ನ ಊಹೆ. ಆದರೆ ಎಲೆಗೂ ಬಣ್ಣ ಬಳಿದವನ ಬಗ್ಗೆ ಇನ್ನೇನು ಊಹಿಸಲಿ?

ಈಗ ಅವನ ಉತ್ತರಗಳನ್ನು ಕೇಳಿ. ಫೋಟೋಗಳನ್ನು ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಫೋನ್ ಮಾಡಿದರೆ, “ಹಳೆಯ ಗಾಡಿ ಮೇಡಂ, ಹಳೆಯ ಅಲ್ಯೂಮಿನಿಯಂ ಕಪ್ಪಾಗುವುದು ಸಹಜ.” ತೊಳೆಯುವ ಮುಂಚೆ ಕಪ್ಪಿರಲಿಲ್ಲವಲ್ಲ ಎಂದೆ. “ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ ಮೇಡಂ, ಮನೆಯಲ್ಲಿ ಗಂಡಸರಿದ್ದರೆ ಫೋನ್ ಕೊಡಿ.” ಕೊಟ್ಟೆ, ಭಾವನಿಗೆ. ಕಾಸ್ಟಿಕ್ ಎಷ್ಟು ಪರ್ಸೆಂಟ್ ಹಾಕಿದ್ದಿರಿ ಎಂದು ಭಾವ ಕೇಳುತ್ತಿದ್ದಂತೆ ಲೈನ್ ಕಟ್ ಆಯಿತು. ರಾತ್ರಿ ಮೆಸೇಜ್ ಬಂತು: ‘ನೀವೇ ಥಿನ್ನರ್ ಹಾಕಿ ನಮ್ಮ ಪೇಂಟ್ ತೆಗೆದಿದ್ದೀರಿ. ಇನ್ನು ನಾವು ಜವಾಬ್ದಾರರಲ್ಲ.’

ನಮ್ಮ ಪೇಂಟ್! ಪೇಂಟ್ ಮುಟ್ಟುವುದೇ ಇಲ್ಲ ಎಂದವನೇ! ಅದರ ಕೆಳಗೆ ಇನ್ನೊಂದು ಸಾಲು: ‘ಬೇಕಾದರೆ 1,000 ಕೊಡಿ, ಮತ್ತೊಂದು ಕೋಟ್ ಹೊಡೆದುಕೊಡುತ್ತೇವೆ.’ ಬಿಲ್ ಕೇಳಿದ್ದಕ್ಕೆ ಕೈ ಮುಗಿಯುವ ಚಿತ್ರ ಕಳಿಸಿದ.

ಇಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ದಿನಕ್ಕೆ ಮಂಡ್ಯದಿಂದ ಬರುವಾಗ ಶ್ರೀರಂಗಪಟ್ಟಣ ದಾಟುತ್ತಿದ್ದಂತೆ ಬ್ಯಾಟರಿ ದೀಪ ಹತ್ತಿತು, ಮುಂದಿನಿಂದ ಕೀರಲು ಸದ್ದು. ಆಟೋ ಎಲೆಕ್ಟ್ರಿಷಿಯನ್ ಆಲ್ಟರ್ನೇಟರ್ ಬಿಚ್ಚಿ ತೋರಿಸಿದರು: ಒಳಗೆ ಬಿಳಿ ಪುಡಿ, ಬೇರಿಂಗಿನಲ್ಲಿ ತುಕ್ಕು, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು. ಪ್ರೆಶರ್ ನೀರು ಹೊಡೆದಿದ್ದಾರಾ ಎಂದು ಅವರೇ ಕೇಳಿದರು. ಆ ರಿಪೇರಿಗೆ ಇನ್ನೂ 2,800 ಕೈಬಿಟ್ಟಿತು.

ಕಪ್ಪಾಗಿದ್ದು ಕಪ್ಪಾಗಿಯೇ ಇದೆ. ಅವರು ಮುಟ್ಟದೆ ಬಿಟ್ಟಿದ್ದ ಗೇರ್‌ಬಾಕ್ಸಿನ ಕೆಳಭಾಗವನ್ನು ಭಾವ ಒಂದು ಭಾನುವಾರ ಸ್ವಚ್ಛ ಮಾಡಿಕೊಟ್ಟರು. ಎಂಜಿನ್ ಪೂರ್ತಿ ತಣ್ಣಗಾಗಿತ್ತು, ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ದರು, ಆಲ್ಟರ್ನೇಟರಿಗೂ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಸುತ್ತಿದ್ದರು. ಬಳಸಿದ್ದು ತೀಕ್ಷ್ಣವಲ್ಲದ ಸಾಬೂನಿನ ನೀರು, ನೈಲಾನ್ ಬ್ರಷ್, ಬಿಳಿ ಪುಡಿ ಗಟ್ಟಿಯಾಗಿದ್ದ ಕಡೆ ನಯವಾದ ಸ್ಕಾಚ್‌ಬ್ರೈಟ್, ಆಮೇಲೆ ಒದ್ದೆ ಬಟ್ಟೆ, ಒಣ ಬಟ್ಟೆ. ನಿಧಾನದ ಕೆಲಸ, ತೋಳು ನೋಯುತ್ತದೆ. ಹೊಳೆಯಲಿಲ್ಲ, ಮಂಕು ಬೂದು ಬಣ್ಣಕ್ಕೆ ಬಂತು. ಎರಕದ ಅಲ್ಯೂಮಿನಿಯಂ ಕಾರ್ಖಾನೆಯಿಂದ ಬರುವಾಗ ಇರುವುದೇ ಹಾಗೆ. ಆದ್ದರಿಂದ ಯಾರಾದರೂ ಒಂದೇ ದಿನದಲ್ಲಿ ಕನ್ನಡಿ ಮಾಡಿಕೊಡುತ್ತೇನೆ ಎಂದರೆ ಕೀಲಿಕೈ ಕೊಡಬೇಡಿ. ಲೇಬಲ್ ಇಲ್ಲದ ಬಾಟಲಿ ಕಂಡರೆ ಅಲ್ಲಿಂದಲೇ ಗಾಡಿ ತಿರುಗಿಸಿ. ಅಲ್ಯೂಮಿನಿಯಂ ಬ್ರೈಟನರ್ ಎಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಚರ್ಮಕ್ಕೆ ತಾಗಿದರೆ ಮೊದಲು ನೋವೇ ಗೊತ್ತಾಗದೆ ಒಳಕ್ಕೆ ಇಳಿಯುವಂಥದ್ದು. ಆ ಹುಡುಗನ ಬರಿಗೈಗಳು ಈಗಲೂ ಕಣ್ಣ ಮುಂದಿವೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಕುರ್ಚಿಯಲ್ಲಿ ಕೂತವನ ಮೇಲೆ ಇದೆ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅವನು ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಬಿಲ್ ಕೊಡದಿದ್ದರೇನು, ಯುಪಿಐ ದಾಖಲೆ ಇದೆ, ‘ನಮ್ಮ ಪೇಂಟ್’ ಎಂದು ಅವನೇ ಬರೆದುಕೊಟ್ಟ ಮೆಸೇಜ್ ಇದೆ. ಈ ಹಬ್ಬಕ್ಕೆ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಎಂಜಿನ್ ‘ರೆಸ್ಟೋರ್’ ಮಾಡಿಸಿದವರು ಇಂದೇ ಬಾನೆಟ್ ಎತ್ತಿ, ತಣ್ಣಗಿರುವಾಗ, ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ. ಬೆಳ್ಳಿ ಬಂದರೆ ಒರೆಸುವ ಮುಂಚೆ ಫೋಟೋ ತೆಗೆದುಕೊಂಡು ನನಗೆ ಬರೆಯಿರಿ, ಒಟ್ಟಿಗೇ ದೂರು ಕೊಡೋಣ.