ಸೀಟ್ ಬೆಲ್ಟ್ ಕೊನೇವರೆಗೂ ಎಳೆದು ನೋಡದೆ ಸೆಕೆಂಡ್ ಹ್ಯಾಂಡ್ ಕಾರ್ ತಗೋಬೇಡಿ

ಸೆಕೆಂಡ್ ಹ್ಯಾಂಡ್ ಕಾರ್ ಹುಡುಕ್ತಾ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನಾನು ತಗೊಂಡಿದ್ದು ನೀರಲ್ಲಿ ಮುಳುಗೆದ್ದ ಕಾರು. ಅದು ನನಗೆ ಗೊತ್ತಾಗಿದ್ದು ಮೂರು ತಿಂಗಳಾದ್ಮೇಲೆ, ಅದೂ ರಾತ್ರಿ ಹೈವೇಲಿ, ಹಿಂದಿನ ಸೀಟಲ್ಲಿ ಅಮ್ಮ ಮತ್ತೆ ಮಗಳು ಕೂತಿರುವಾಗ.

ಕಾರ್ ನೋಡೋಕೆ ಹೋಗಿದ್ದು ಸಂಜೆ. ಪೇಂಟ್ ಫಳಫಳ ಅಂತಿತ್ತು, ಸೀಟ್ ಕವರ್ ಹೊಸದು, ಮ್ಯಾಟ್ ಹೊಸದು, ಬಾಗಿಲು ತೆಗೆದ್ರೆ ಘಂ ಅಂತ ಪರ್ಫ್ಯೂಮ್ ವಾಸನೆ. ಮೀಟರಲ್ಲಿ ಓಡಿರೋದೂ ಕಮ್ಮಿ. ಮಾರೋರು ಮಾತಾಡೋದ್ರಲ್ಲಿ ತುಂಬಾ ಒಳ್ಳೆಯವರು, ಆದ್ರೆ ಇನ್ನೊಬ್ರು ನಾಳೆ ಬೆಳಿಗ್ಗೆ ಬರ್ತಿದಾರೆ ಅಂತ ಎರಡು ಮೂರು ಸಲ ಹೇಳಿದ್ರು. ನಾವು ಹೋಗೋ ಹೊತ್ತಿಗೆ ಇಂಜಿನ್ ಆಗಲೇ ಬಿಸಿ ಇತ್ತು, ಈಗ ತಾನೇ ತೊಳೆಸ್ಕೊಂಡು ಬಂದೆ ಅಂದ್ರು, ನಾನು ಹೂಂ ಅಂದೆ. ಹತ್ತು ನಿಮಿಷ ಓಡಿಸಿದೆ, ಎಸಿ ಹಾಕಿ ಮ್ಯೂಸಿಕ್ ಹಾಕಿ ಕೂರಿಸಿದ್ರು, ಚೆನ್ನಾಗೇ ಓಡ್ತು, ಅಲ್ಲೇ ಮಾತು ಮುಗಿಸ್ಬಿಟ್ಟೆ. ಪರಿಚಯದ ಮೆಕ್ಯಾನಿಕ್ ಒಬ್ರಿದ್ರು, ಭಾನುವಾರ ಬರ್ತೀನಿ ಕಾಯಿರಿ ಅಂದಿದ್ರು, ನಾನು ಕಾಯ್ಲಿಲ್ಲ. ಆ ಒಂದು ತಪ್ಪು ಇವತ್ತಿಗೂ ಕೊರೀತಾ ಇದೆ.

ಮೂರು ವಾರಕ್ಕೆ ಹಿಂದಿನ ಎಡಗಡೆ ಗ್ಲಾಸ್ ಇಳಿಯೋದು ನಿಲ್ತು. ಸ್ವಿಚ್ ಬದಲಾಯಿಸಿದ್ವಿ. ಆಮೇಲೆ ಏರ್‌ಬ್ಯಾಗ್ ಲೈಟ್ ಒಂದಿನ ಬರೋದು, ಎರಡು ದಿನ ಇರಲ್ಲ, ಮಳೆ ಬಂದ ದಿನ ಮತ್ತೆ ಬರೋದು. ಬ್ಯಾಟರಿ ವೀಕ್ ಇರಬೇಕು ಅಂದ್ರು, ಅದನ್ನೂ ಹೊಸದು ಹಾಕಿಸಿದೆ. ಆ ರಾತ್ರಿ 80ರ ಸ್ಪೀಡಲ್ಲಿ ಹೋಗ್ತಿದ್ದಂಗೆ ಡ್ಯಾಶ್‌ಬೋರ್ಡ್ ಲೈಟೆಲ್ಲಾ ಒಟ್ಟಿಗೆ ಹತ್ಕೊಂಡು ಇಂಜಿನ್ ಆಫ್ ಆಯ್ತು. ಸ್ಟೀರಿಂಗ್ ಕಲ್ಲಿನ ಥರ ಬಿಗಿಯಾಯ್ತು, ಹಿಂದೆ ಲಾರಿ.

ಇಲ್ಲಿ ದಿನಾ ಗಾಡಿ ಓಡಿಸೋರಿಗೆ ಒಂದು ಮಾತು. ಓಡ್ತಾ ಇರುವಾಗ ಇಂಜಿನ್ ಆಫ್ ಆದ್ರೆ ಬ್ರೇಕ್ ಹೋಗ್ಬಿಟ್ಟಿಲ್ಲ, ನಮ್ಮ ಕಾಲಿನ ಬಲಕ್ಕೆ ಬಲ ಸೇರಿಸೋ ಬ್ರೇಕ್ ಬೂಸ್ಟರ್ ಒಳಗೆ ಇನ್ನೂ ಒಂದೆರಡು ಸಲ ಒತ್ತೋಕೆ ಸಾಕಾಗೋಷ್ಟು ವ್ಯಾಕ್ಯೂಮ್ ಉಳಿದಿರುತ್ತೆ. ಗಾಬರಿಲಿ ಒತ್ತಿ ಒತ್ತಿ ಬಿಟ್ರೆ ಅದೂ ಖಾಲಿ, ಆಮೇಲೆ ಪೆಡಲ್ ಗಟ್ಟಿಯಾಗುತ್ತೆ, ಆಗಲೂ ಹಿಡಿಯುತ್ತೆ ಆದ್ರೆ ಪೂರ್ತಿ ಬಲ ಹಾಕಿ ತುಳೀಬೇಕು. ಹಂಗಾಗಿ ಒಂದೇ ಸಲ ಒತ್ತಿ ಹಿಡ್ಕೊಂಡೇ ಪಕ್ಕಕ್ಕೆ ತಗೊಳ್ಳಿ, ನಾಲ್ಕೂ ಇಂಡಿಕೇಟರ್ ಹಾಕಿ, ಗಾಡಿ ಪೂರ್ತಿ ನಿಲ್ಲೋವರೆಗೂ ಕೀ ಮಾತ್ರ ತೆಗೀಬೇಡಿ, ತೆಗೆದ್ರೆ ಸ್ಟೀರಿಂಗ್ ಲಾಕ್ ಆಗಬಹುದು. ನಾನು ಹೆಂಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಅಮ್ಮ ಮನೆಗೆ ಬರೋವರೆಗೂ ಒಂದು ಮಾತಾಡ್ಲಿಲ್ಲ.

ಮಾರನೇ ದಿನ ಗಾಡಿ ಎಳೆಸ್ಕೊಂಡು ಅದೇ ಪರಿಚಯದ ಮೆಕ್ಯಾನಿಕ್ ಹತ್ರ ಹೋದ್ವಿ. ಅವರು ಬಾನೆಟ್ ಕೂಡ ಎತ್ತಲಿಲ್ಲ. ಡ್ರೈವರ್ ಸೀಟ್ ಬೆಲ್ಟ್ ಹಿಡಿದು ಎಳೆದ್ರು, ನಾವು ದಿನಾ ಹಾಕ್ಕೊಳ್ಳೋಷ್ಟಲ್ಲ, ಒಳಗೆ ಸುತ್ತಿರೋದೆಲ್ಲಾ ಆಚೆ ಬರೋವರೆಗೂ. ಮೇಲಿನ ಅರ್ಧ ಕಪ್ಪಗೆ ಕ್ಲೀನಾಗಿತ್ತು. ಕೊನೇ ಒಂದು ಮೊಳದಷ್ಟು ಬೂದು ಬಣ್ಣ, ಅಡ್ಡಕ್ಕೆ ಗೆರೆ ಎಳೆದಂಗೆ ಕೆಸರಿನ ಕಲೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿತ್ತು. ಸರ್, ನೀರು ಇಲ್ಲೀವರೆಗೂ ನಿಂತಿದೆ ಅಂತ ಸೀಟ್ ಪಕ್ಕ ಕೈ ಇಟ್ಟು ತೋರಿಸಿದ್ರು.

ಆಮೇಲೆ ಸೀಟ್ ಬಿಚ್ಚಿ ಕಾರ್ಪೆಟ್ ಎತ್ತಿದ್ರೆ ಮುಗ್ಗಲು ವಾಸನೆ ಗಪ್ ಅಂತ ಬಂತು. ಕಾರ್ಪೆಟ್ ಕೆಳಗಿರೋ ಸ್ಪಂಜು ನೀರು ಹೀರ್ಕೊಂಡ್ರೆ ತಿಂಗಳುಗಟ್ಟಲೆ ಒಣಗಲ್ಲವಂತೆ, ಮೇಲಿಂದ ಮುಟ್ಟಿದ್ರೆ ಗೊತ್ತೇ ಆಗಲ್ಲ. ಸೀಟ್ ಅಡಿ ಇರೋ ಹಳದಿ ಕನೆಕ್ಟರ್ ಬಿಚ್ಚಿದ್ರು, ಒಳಗಿನ ಪಿನ್ನೆಲ್ಲಾ ಹಸಿರು ಕಿಲುಬು ಹಿಡಿದಿತ್ತು. ಹಳದಿ ಅಂದ್ರೆ ಸಾಮಾನ್ಯವಾಗಿ ಏರ್‌ಬ್ಯಾಗ್ ಮತ್ತೆ ಬೆಲ್ಟ್ ಬಿಗಿ ಮಾಡೋ ವ್ಯವಸ್ಥೆದು. ಅಂದ್ರೆ ಮೂರು ತಿಂಗಳು ನಾವು ಆ ಗಾಡಿಲಿ ಓಡಾಡಿದ್ದು ಏರ್‌ಬ್ಯಾಗ್ ತೆರ್ಕೊಳ್ಳುತ್ತೋ ಇಲ್ವೋ ಗ್ಯಾರಂಟಿ ಇಲ್ದೇನೆ. ದುಡ್ಡು ಹೋಗಿದ್ದಕ್ಕಿಂತ ಇದಕ್ಕೆ ನನಗೆ ಜಾಸ್ತಿ ಸಿಟ್ಟು. ಗೊತ್ತಿದ್ದೂ ಮುಚ್ಚಿಟ್ಟು ಮಕ್ಕಳು ಮರಿ ಇರೋರಿಗೆ ಮಾರೋದು ಹೆಂಗೆ ಸಾಧ್ಯ ಅಂತ ಇನ್ನೂ ಅರ್ಥ ಆಗಿಲ್ಲ.

ನೀರಿಗೆ ಬಿದ್ದ ಗಾಡಿ ತಕ್ಷಣ ಕೈ ಕೊಡಲ್ಲ, ಅದೇ ಇದರ ಮೋಸ. ಇಂಜಿನ್ ಆಯಿಲ್ ಬದಲಾಯಿಸಿ ಒಣಗಿಸಿದ್ರೆ ಓಡುತ್ತೆ, ತುಕ್ಕು ಮತ್ತೆ ಕಿಲುಬು ವೈರ್ ಒಳಗೆ ನಿಧಾನಕ್ಕೆ ತಿಂತಾ ಹೋಗುತ್ತೆ, ಅದು ಹೊರಗೆ ಬರೋ ಹೊತ್ತಿಗೆ ಗಾಡಿ ನಿಮ್ಮ ಹೆಸರಲ್ಲಿರುತ್ತೆ.

ಹಂಗಾಗಿ ನೋಡೋಕೆ ಹೋದಾಗ ಬೆಳಕಿರೋವಾಗ್ಲೇ ಹೋಗಿ, ಮೊದಲು ಎಲ್ಲಾ ಸೀಟ್ ಬೆಲ್ಟೂ ಕೊನೇವರೆಗೂ ಎಳೀರಿ. ಬೆಲ್ಟ್ ಮಾತ್ರ ಹೊಸದಾಗಿದ್ರೆ ಯಾಕೆ ಅಂತ ಕೇಳಿ. ಡಿಕ್ಕಿಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಲಿ ಒಣಗಿದ ಕೆಸರು, ಮರಳು ಇದ್ಯಾ ನೋಡಿ. ಸೀಟ್ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ಬೋಲ್ಟ್, ಸ್ಪ್ರಿಂಗ್ ತುಕ್ಕು ಹಿಡಿದಿದ್ಯಾ ನೋಡಿ. ಪರ್ಫ್ಯೂಮ್ ವಾಸನೆ ಜೋರಾಗಿದ್ರೆ ಗ್ಲಾಸೆಲ್ಲಾ ಮುಚ್ಚಿ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಬಾಗಿಲು ತೆಗೀರಿ, ಅಡಗಿರೋ ಮುಗ್ಗಲು ವಾಸನೆ ಎದ್ದು ಬರುತ್ತೆ.

ಇನ್ನೊಂದು ನನಗೆ ಗೊತ್ತೇ ಇರ್ಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋದು), ಇಂಜಿನ್ ಲೈಟ್ ಎಲ್ಲಾ ಒಂದ್ಸಲ ಹತ್ಕೋಬೇಕು. ಸ್ವಲ್ಪ ಹೊತ್ತಿಗೆ ಅಥವಾ ಇಂಜಿನ್ ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ಕೊಳ್ಳದೇ ಇದ್ರೆ ಖುಷಿಪಡಬೇಡಿ, ತೊಂದರೆ ಕಾಣಬಾರದು ಅಂತ ಲೈಟೇ ಕಿತ್ತಿರಬಹುದು. ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿದಾಗಲೂ ಬರೀ ತೊಂದರೆ ತೋರಿಸೋ ಕೋಡ್ ಇಲ್ಲ ಅಂತ ನಂಬಬೇಡಿ, ಹಿಂದಿನ ದಿನವೇ ಅಳಿಸಿರಬಹುದು. ಅಳಿಸಿದ್ರೆ ಗಾಡಿಯ ಸೆಲ್ಫ್ ಟೆಸ್ಟ್‌ಗಳು ಇನ್ನೂ ಮುಗಿದಿಲ್ಲ ಅಂತ ಅದೇ ಸ್ಕ್ಯಾನರಲ್ಲಿ ತೋರಿಸುತ್ತೆ, ಅದನ್ನ ಕೇಳಿ ನೋಡಿಸಿ.

ಮೀಟರ್ ಸಾಚಾನಾ ಅಂತ ತಿಳ್ಕೊಳ್ಳೋಕೆ ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್ ಸವೆದಿರೋದು ನೋಡಿ, ಟೈರ್ ಪಕ್ಕದಲ್ಲಿ DOT ಅಂತ ಶುರುವಾಗೋ ಕೋಡಿನ ಕೊನೇ ನಾಲ್ಕು ಅಂಕಿ ಓದಿ. 3519 ಅಂದ್ರೆ 2019ರ 35ನೇ ವಾರ ತಯಾರಾಗಿದ್ದು. ಓಡಿರೋದು 15 ಸಾವಿರ ಅಂತ ತೋರಿಸ್ತಾ ನಾಲ್ಕೂ ಟೈರ್ ಕಾರಿಗಿಂತ ಮೂರು ನಾಲ್ಕು ವರ್ಷ ಹೊಸದಾಗಿದ್ರೆ ಅಷ್ಟು ಬೇಗ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮುಂಚೆ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಬಿಳಿ ಹೊಗೆ ನಿಲ್ಲದೇ ಬಂದ್ರೆ ಕೂಲಂಟ್ (ಇಂಜಿನ್ ತಂಪು ಮಾಡೋ ದ್ರವ) ಇಂಜಿನ್ ಒಳಗೆ ಸೋರಿ ಹೋಗ್ತಿದೆ ಅನ್ನೋ ಅನುಮಾನ ಪಡಿ.

ಸಾಲ ಬಾಕಿ, ಇನ್ಶೂರೆನ್ಸ್ ಕ್ಲೈಮ್ ಇವೆಲ್ಲಾ ಎಲ್ಲರೂ ಹೇಳ್ತಾರೆ, ಚೆಕ್ ಮಾಡಿ. ಅದರ ಜೊತೆಗೆ ಈ ಗಾಡಿ ನೀರಲ್ಲಿ ಮುಳುಗಿಲ್ಲ, ದೊಡ್ಡ ಆಕ್ಸಿಡೆಂಟ್ ಆಗಿಲ್ಲ ಅಂತ ಮಾರೋರ ಕೈಯಲ್ಲೇ ಬರೆಸಿ ಸಹಿ ಹಾಕಿಸ್ಕೊಳ್ಳಿ. ನಾನು ಫೋನ್ ಮಾಡಿ ಕೇಳಿದಾಗ ಅವರು ಹೇಳಿದ್ದು ಒಂದೇ, ನೀವು ನೋಡ್ಕೊಂಡೇ ತಗೊಂಡ್ರಲ್ಲ ಅಂತ. ನನ್ನ ಹತ್ರ ಅದಕ್ಕೆ ತೋರಿಸೋಕೆ ಒಂದು ಚೀಟಿನೂ ಇರ್ಲಿಲ್ಲ. ಬರೆದುಕೊಡೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಂದ ಎದ್ದು ಬನ್ನಿ.

ಕಾರ್ ಈಗ ಮನೆ ಮುಂದೆ ನಿಂತಿದೆ. ಬಿಡಿಭಾಗಕ್ಕೆ ಅಂತ ಮಾತ್ರ ಕೊಡ್ತೀನಿ ಅಂತ ಹೇಳಿದೀನಿ, ಕೇಳೋಕೆ ಬಂದೋರಿಗೆ ಮೊದಲು ಆ ಬೆಲ್ಟ್ ಎಳೆದು ತೋರಿಸ್ತೀನಿ. ಕಾರ್ ನೋಡೋಕೆ ಹೋಗ್ತಿರೋರಿಗೆ ಏನಾದ್ರೂ ಡೌಟ್ ಇದ್ರೆ ಕೇಳಿ, ನನಗೆ ಗೊತ್ತಿರೋದು ಹೇಳ್ತೀನಿ, ಗೊತ್ತಿಲ್ದೇ ಇದ್ರೆ ಆ ಮೆಕ್ಯಾನಿಕ್ ಹತ್ರ ಕೇಳಿ ಹೇಳ್ತೀನಿ.